ಎಂಟು ಬ್ರಾಂಚ್, ಎರಡೆರಡು ಲಿಂಕ್: ಸ್ಟ್ಯಾಟಿಕ್ ಬಿಟ್ಟು ಓಎಸ್‌ಪಿಎಫ್‌ಗೆ ಹೋಗೋದಾ, ಬಿಜಿಪಿಗಾ?

ಕಚೇರಿ_ಜಾಲ

ನಮ್ಮ ಜಾಲದಲ್ಲಿ ಸ್ಟ್ಯಾಟಿಕ್ ರೂಟ್‌ಗಳ (ಕೈಯಾರೆ ಬರೆದಿಟ್ಟ ದಾರಿಗಳ) ಸಂಖ್ಯೆ 60 ದಾಟಿದೆ, ಇನ್ನು ಕೈಯಲ್ಲಿ ನಿಭಾಯಿಸೋದು ಕಷ್ಟ. ಚಿತ್ರಣ ಹೀಗಿದೆ. ಹೆಡ್ ಆಫೀಸ್‌ನಲ್ಲಿ ಎರಡು ವ್ಯಾನ್ (ಹೊರಗಿನ ಲಿಂಕ್‌ಗಳ) ರೂಟರ್: ಆರ್1 ಎಂಪಿಎಲ್‌ಎಸ್ (ಪ್ರೊವೈಡರ್ ಕೊಡುವ ಖಾಸಗಿ ಜಾಲ) ಕಡೆಗೆ, ಆರ್2 ಇಂಟರ್‌ನೆಟ್ ಮೇಲಿನ ಐಪಿಸೆಕ್ ಟನಲ್‌ಗಳ (ಗೂಢಲಿಪಿಯ ಖಾಸಗಿ ದಾರಿಗಳ) ಕಡೆಗೆ. ಎರಡು ಲೇಯರ್-3 ಕೋರ್ ಸ್ವಿಚ್, ಆಕ್ಟಿವ್-ಸ್ಟ್ಯಾಂಡ್‌ಬೈ ಫೈರ್‌ವಾಲ್ ಜೋಡಿ. ಬ್ರಾಂಚ್ ಎಂಟು. ಪ್ರತಿ ಬ್ರಾಂಚ್‌ಗೂ ಒಂದೇ ರೂಟರ್, ಅದಕ್ಕೆ ಎಂಪಿಎಲ್‌ಎಸ್ ಒಂದು, ಬ್ರಾಡ್‌ಬ್ಯಾಂಡ್ ಟನಲ್ ಒಂದು. ಹೆಡ್ ಆಫೀಸ್ 10.10.0.0/16, ಬ್ರಾಂಚ್‌ಗಳು 10.21.0.0/16 ರಿಂದ 10.28.0.0/16. ಉಪಕರಣಗಳು ಮೂರು ಬೇರೆ ಬೇರೆ ಕಂಪನಿಯವು.

ಎಂಪಿಎಲ್‌ಎಸ್ ಬಿದ್ದಾಗ ಟನಲ್‌ಗೆ ತಾನಾಗಿ ಹೋಗಬೇಕು, ಎದ್ದಾಗ ತಾನಾಗಿ ವಾಪಸ್ ಬರಬೇಕು. ಇಷ್ಟೇ ಬೇಕಿರೋದು. ರೂಟರ್‌ಗಳೇ ಪರಸ್ಪರ ದಾರಿ ಹೇಳಿಕೊಳ್ಳುವ ಪ್ರೋಟೋಕಾಲ್‌ಗಳ ಪೈಕಿ ಓಎಸ್‌ಪಿಎಫ್ ಎಲ್ಲ ಕಡೆ ಹಾಕಿದರೆ ಸಾಕಾ? ಜಾಲವನ್ನು ಏರಿಯಾಗಳಾಗಿ ಒಡೆಯಬೇಕಾ? ಬಿಜಿಪಿ ನಮ್ಮ ಗಾತ್ರಕ್ಕೆ ಅತಿಯಾಯ್ತಾ?

ಹಾಪ್‌ಲೆಕ್ಕ

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. 60 ರೂಟ್ ಟೈಪ್ ಮಾಡೋದು ಬೇಸರದ ಕೆಲಸ, ಅಷ್ಟೇ. ಸ್ಟ್ಯಾಟಿಕ್ ಕೈಕೊಡೋದು ಬೇರೆ ಜಾಗದಲ್ಲಿ. ಎಂಪಿಎಲ್‌ಎಸ್ ಲೈನ್ ಕಡಿಯೋದು ಸಾಮಾನ್ಯವಾಗಿ ಪ್ರೊವೈಡರ್‌ನ ಒಳಗೆಲ್ಲೋ. ನಿಮ್ಮ ರೂಟರ್‌ನಿಂದ ಅವರ ಮೋಡೆಮ್‌ವರೆಗಿನ ಎತರ್‌ನೆಟ್ ಆಗಲೂ ಹಸಿರು ದೀಪ ತೋರಿಸುತ್ತಲೇ ಇರುತ್ತದೆ. ಇಂಟರ್‌ಫೇಸ್ ಎದ್ದಿರುವವರೆಗೆ ಸ್ಟ್ಯಾಟಿಕ್ ರೂಟ್ ಟೇಬಲ್‌ನಿಂದ ಇಳಿಯೋದಿಲ್ಲ, ಪ್ಯಾಕೆಟ್‌ಗಳು ಬಾವಿಗೆ ಬೀಳ್ತಾ ಇರುತ್ತವೆ. ಒಂದೆರಡು ಬ್ರಾಂಚ್ ಇದ್ದಿದ್ದರೆ ಸ್ಟ್ಯಾಟಿಕ್‌ಗೆ ಪಿಂಗ್ ಟ್ರ್ಯಾಕಿಂಗ್ ಕಟ್ಟಿ, ಬ್ಯಾಕಪ್ ರೂಟ್‌ಗೆ ಡಿಸ್ಟೆನ್ಸ್ (ಯಾವ ಮೂಲದ ರೂಟನ್ನು ಎಷ್ಟು ನಂಬಬೇಕು ಅನ್ನೋ ಅಂಕ, ಕಡಿಮೆ ಇದ್ದದ್ದು ಗೆಲ್ಲುತ್ತದೆ) 250 ಕೊಟ್ಟು ಕೂತುಬಿಡಿ ಅನ್ನುತ್ತಿದ್ದೆ. ಎಂಟು ಬ್ರಾಂಚ್, ಎರಡೂ ತುದಿಯಲ್ಲಿ ಟ್ರ್ಯಾಕಿಂಗ್ ಅಂದರೆ 16 ಟ್ರ್ಯಾಕರ್. ಒಂದು ತುದಿ ಬದಲಾಗಿ ಇನ್ನೊಂದು ಬದಲಾಗದಿದ್ದರೆ ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು. ಹಾಗಾಗಿ ಡೈನಮಿಕ್ ಬೇಕು, ಒಪ್ಪಿದೆ.

ಇನ್ನು ಯಾವುದು. ರಿಪ್ ಪ್ರೋಟೋಕಾಲ್ ಬೇಡ. 15 ಹಾಪ್ (ನಡುವಿನ ರೂಟರ್) ಮಿತಿ ನಿಮಗೆ ತಟ್ಟೋದೇ ಇಲ್ಲ, ಆದರೆ ಅದು 30 ಸೆಕೆಂಡಿಗೊಮ್ಮೆ ಅಪ್‌ಡೇಟ್ ಕಳಿಸಿ, ಸತ್ತ ರೂಟನ್ನು 180 ಸೆಕೆಂಡ್ ನಂಬಿಕೊಂಡಿರುತ್ತದೆ. ಇಐಜಿಆರ್‌ಪಿ ಒಳ್ಳೆಯ ಪ್ರೋಟೋಕಾಲ್. 2016ರಲ್ಲಿ ಆರ್‌ಎಫ್‌ಸಿ 7868 ಅನ್ನೋ ಸಾರ್ವಜನಿಕ ದಾಖಲೆಯಾಗಿ ಹೊರಗೂ ಬಂತು. ಆದರೆ ಸಿಸ್ಕೊ ಹೊರಗೆ ಅದನ್ನು ಸರಿಯಾಗಿ ಮಾತಾಡೋ ಉಪಕರಣ ಸಿಗೋದು ಅಪರೂಪ, ನಿಮ್ಮಲ್ಲಿ ಮೂರು ಕಂಪನಿಯ ಉಪಕರಣಗಳಿವೆ. ಐಎಸ್-ಐಎಸ್ ತಾಂತ್ರಿಕವಾಗಿ ಚೆನ್ನ, ಫೈರ್‌ವಾಲ್‌ಗಳಲ್ಲಿ ಬೆಂಬಲ ಕಡಿಮೆ. ಉಳಿದದ್ದು ಓಎಸ್‌ಪಿಎಫ್ ಮತ್ತು ಬಿಜಿಪಿ. ನನ್ನ ಪ್ರಕಾರ ಎರಡೂ ಬೇಕು, ಆದರೆ ಒಂದೊಂದಕ್ಕೂ ಒಂದೊಂದು ಜಾಗ: ಕಟ್ಟಡದ ಒಳಗೆ ಓಎಸ್‌ಪಿಎಫ್, ಕಟ್ಟಡದಿಂದ ಹೊರಗೆ ಹೋಗುವ ಪ್ರತಿ ಲಿಂಕ್ ಮೇಲೆ ಬಿಜಿಪಿ.

ತಂತಿಸೇತುವೆ

ಒಳಗಿನ ಓಎಸ್‌ಪಿಎಫ್ ಭಾಗ ನಾನು ಬರೀತೀನಿ.

ಏರಿಯಾ 0 ಒಂದೇ. ಹೆಡ್ ಆಫೀಸ್‌ನಲ್ಲಿ ಓಎಸ್‌ಪಿಎಫ್ ಮಾತಾಡೋದು ಐದೇ ಐದು, ಅದಕ್ಕೆ ಏರಿಯಾ ಒಡೆಯೋದು ಮನೆಯೊಳಗೆ ಗಡಿ ಹಾಕಿದ ಹಾಗೆ. 50 ರೂಟರ್ ಅಂದರೂ ಈಗಿನ ಪ್ರೊಸೆಸರ್‌ಗಳಿಗೆ ಲೆಕ್ಕವಲ್ಲ.

ಪ್ರತಿಯೊಂದಕ್ಕೂ ಲೂಪ್‌ಬ್ಯಾಕ್ (ಯಾವ ತಂತಿಗೂ ಸೇರದ ಒಳ ವಿಳಾಸ) /32 ಕೊಟ್ಟು, ರೂಟರ್ ಐಡಿಯನ್ನು ಅದೇ ಸಂಖ್ಯೆಗೆ ಕೈಯಾರೆ ಬರೆಯಿರಿ. ತಾನಾಗಿ ಆರಿಸಿಕೊಳ್ಳಲು ಬಿಟ್ಟರೆ ರೀಬೂಟ್ ಆದಮೇಲೆ ಐಡಿ ಬದಲಾಗಬಹುದು. ಒಂದರ ಕಾನ್ಫಿಗ್ ಕಾಪಿ ಮಾಡಿ ಇನ್ನೊಂದಕ್ಕೆ ಹಾಕಿದಾಗ ಒಂದೇ ಐಡಿ ಎರಡು ಕಡೆ ಬರೋದು ಇನ್ನೂ ದೊಡ್ಡ ತಲೆನೋವು.

ರೂಟರ್‌ಗಳ ನಡುವಿನ ಲಿಂಕ್‌ಗಳಿಗೆ /31 ಸಾಕು, ನೆಟ್‌ವರ್ಕ್ ಟೈಪ್ ಪಾಯಿಂಟ್-ಟು-ಪಾಯಿಂಟ್ ಮಾಡಿ. ಡೀಫಾಲ್ಟ್ ಬ್ರಾಡ್‌ಕಾಸ್ಟ್ ಬಿಟ್ಟರೆ ಇಬ್ಬರೇ ಇರುವ ತಂತಿಯ ಮೇಲೂ ಡಿಆರ್ (ಆ ತಂತಿಯ ಮುಖಂಡ ರೂಟರ್) ಚುನಾವಣೆ ನಡೆದು 40 ಸೆಕೆಂಡ್ ಕಾಯ್ತಾರೆ. ಆದರೆ ಎರಡೂ ತುದಿಯಲ್ಲಿ ಮಾಡಬೇಕು. ಒಂದು ತುದಿ ಪಾಯಿಂಟ್-ಟು-ಪಾಯಿಂಟ್, ಇನ್ನೊಂದು ಬ್ರಾಡ್‌ಕಾಸ್ಟ್ ಆದರೆ ಎರಡರಲ್ಲೂ ಹಲೋ (ಬದುಕಿದ್ದೀನಿ ಅನ್ನೋ ಸಂದೇಶ) 10 ಸೆಕೆಂಡ್, ಡೆಡ್ (ಅದಕ್ಕೆ ಕಾಯುವ ಗಡುವು) 40 ಸೆಕೆಂಡ್ ಅಂತ ಒಂದೇ ಇರೋದರಿಂದ ನೇಬರ್ ಫುಲ್ (ಸಂಪರ್ಕ ಪೂರ್ತಿ) ಅಂತಲೇ ತೋರಿಸುತ್ತದೆ, ರೂಟ್ ಮಾತ್ರ ಟೇಬಲ್‌ಗೆ ಬರಲ್ಲ. ಇದನ್ನು ಹುಡುಕುತ್ತಾ ಅರ್ಧ ದಿನ ಕಳೆಯಬಹುದು.

ಪ್ಯಾಸಿವ್-ಇಂಟರ್‌ಫೇಸ್ ಡೀಫಾಲ್ಟ್ (ಯಾವ ಕಡೆಗೂ ಹಲೋ ಕಳಿಸಬೇಡ ಅನ್ನೋದು) ಹಾಕಿ, ಆಮೇಲೆ ಬೇಕಾದ ಲಿಂಕ್‌ಗಳನ್ನಷ್ಟೇ ತೆರೆಯಿರಿ. ಇಲ್ಲದಿದ್ದರೆ ಎರಡು ಕೋರ್ ಸ್ವಿಚ್‌ಗಳು 40 ವಿಲ್ಯಾನ್ ಇದ್ದರೆ 40 ವಿಲ್ಯಾನ್ ಮೇಲೂ ಪರಸ್ಪರ ನೇಬರ್ ಆಗಿ ಕೂರುತ್ತವೆ. ಬಳಕೆದಾರರ ವಿಲ್ಯಾನ್‌ಗೆ ಯಾರೋ ಲ್ಯಾಪ್‌ಟಾಪ್ ಸಿಕ್ಕಿಸಿ ಓಎಸ್‌ಪಿಎಫ್ ಮಾತಾಡಲೂ ದಾರಿ ಆಗುತ್ತದೆ. ತೆರೆದ ಲಿಂಕ್‌ಗಳಿಗೆ ಅಥೆಂಟಿಕೇಶನ್ ಕೊಡಿ. ಎಲ್ಲ ಉಪಕರಣವೂ ಒಪ್ಪಿದರೆ ಎಚ್‌ಮ್ಯಾಕ್-ಶಾ, ಇಲ್ಲದಿದ್ದರೆ ಎಂಡಿ5.

ರೆಫರೆನ್ಸ್ ಬ್ಯಾಂಡ್‌ವಿಡ್ತ್ (ಇದನ್ನು ಲಿಂಕ್‌ನ ವೇಗದಿಂದ ಭಾಗಿಸಿದರೆ ಅದರ ಕಾಸ್ಟ್) ಮರೆಯಬೇಡಿ. ಸಿಸ್ಕೊದಲ್ಲಿ ಡೀಫಾಲ್ಟ್ 100 ಎಂಬಿಪಿಎಸ್, ಅಂದರೆ 1 ಗಿಗಾಬಿಟ್‌ಗೂ ಕಾಸ್ಟ್ 1, 10 ಗಿಗಾಬಿಟ್‌ಗೂ ಕಾಸ್ಟ್ 1. ಅದನ್ನು 100000 ಮಾಡಿದರೆ 10 ಗಿಗಾಬಿಟ್ 10 ಆಗುತ್ತದೆ, 1 ಗಿಗಾಬಿಟ್ 100 ಆಗುತ್ತದೆ. ಎಲ್ಲ ಉಪಕರಣದಲ್ಲೂ ಒಂದೇ ಬೆಲೆ ಇರಬೇಕು. ಸಿಸ್ಕೊ ಎಂಬಿಪಿಎಸ್‌ನಲ್ಲಿ ಕೇಳುತ್ತದೆ, ಜೂನಿಪರ್ ಬಿಪಿಎಸ್‌ನಲ್ಲಿ. ಬರೆಯುವಾಗ ಸೊನ್ನೆ ಎಣಿಸಿ.

ನನ್ನ ಪ್ರಕಾರ ಟನಲ್‌ಗಳ ಮೇಲೂ ಇದೇ ಓಎಸ್‌ಪಿಎಫ್ ಓಡಿಸಬಹುದು. ಎಂಪಿಎಲ್‌ಎಸ್ ಮೇಲೆ ಪ್ರೊವೈಡರ್ ಹೇಳಿದ ಹಾಗೆ ಬಿಜಿಪಿ. ಬಿಜಿಪಿಯ ಡಿಸ್ಟೆನ್ಸ್ 20, ಓಎಸ್‌ಪಿಎಫ್‌ನದು 110, ಹಾಗಾಗಿ ಎಂಪಿಎಲ್‌ಎಸ್ ತಾನಾಗಿ ಗೆಲ್ಲುತ್ತದೆ. ಕಡಿಮೆ ಕೆಲಸ.

ಟಿಟಿಎಲ್_ಒಂದು

ಕೊನೆಯ ಪ್ಯಾರಾ ಬಿಟ್ಟು ಉಳಿದದ್ದಕ್ಕೆಲ್ಲ ಸಹಿ. ಆ ಕೊನೆಯ ಪ್ಯಾರಾ ಮಾತ್ರ ಮಾಡಬೇಡಿ ಸರ್. ಎರಡು ಕಾರಣ.

ಒಂದನೆಯದು, ಡಿಸ್ಟೆನ್ಸ್ ಅನ್ನೋದು ಪ್ರೋಟೋಕಾಲ್‌ನ ಗುಣ ಅಲ್ಲ, ಕಂಪನಿಯ ಮರ್ಜಿ. ಸಿಸ್ಕೊದಲ್ಲಿ ಹೊರಗಿನ ಬಿಜಿಪಿ 20, ಓಎಸ್‌ಪಿಎಫ್ 110. ಜೂನಿಪರ್‌ನಲ್ಲಿ ಓಎಸ್‌ಪಿಎಫ್ ಒಳಗಿನದು 10, ಹೊರಗಿನದು 150, ಬಿಜಿಪಿ 170. ಅಂದರೆ ಒಂದು ತುದಿ ಎಂಪಿಎಲ್‌ಎಸ್ ಆರಿಸುತ್ತದೆ, ಇನ್ನೊಂದು ತುದಿ ಟನಲ್ ಆರಿಸುತ್ತದೆ. ಮೂರು ಕಂಪನಿಯ ಉಪಕರಣ ಇಟ್ಟುಕೊಂಡು ಡಿಸ್ಟೆನ್ಸ್ ಮೇಲೆ ಫೇಲ್‌ಓವರ್ ಕಟ್ಟಬಾರದು.

ಎರಡನೆಯದು ಇನ್ನೂ ಕೆಟ್ಟದ್ದು. ಎಲ್ಲ ಸಿಸ್ಕೊ ಇದ್ದರೂ ಬರುತ್ತದೆ. ಆರ್1 ಮೇಲೆ ಓಎಸ್‌ಪಿಎಫ್‌ನಿಂದ ಬಿಜಿಪಿಗೆ ರೀಡಿಸ್ಟ್ರಿಬ್ಯೂಟ್ (ಒಂದರ ರೂಟನ್ನು ಇನ್ನೊಂದಕ್ಕೆ ದಾಟಿಸೋದು) ಇದೆ ಅಂದುಕೊಳ್ಳಿ. 10.21.0.0/16 ಎಂಪಿಎಲ್‌ಎಸ್‌ನಿಂದ ಬಿಜಿಪಿಯಲ್ಲಿ ಬರುತ್ತಿದೆ, ಟನಲ್‌ನಿಂದ ಓಎಸ್‌ಪಿಎಫ್‌ನಲ್ಲೂ ಬರುತ್ತಿದೆ. ಎಂಪಿಎಲ್‌ಎಸ್ ಬಿತ್ತು, ಓಎಸ್‌ಪಿಎಫ್ ರೂಟ್ ಟೇಬಲ್‌ಗೆ ಬಂತು. ಟೇಬಲ್‌ಗೆ ಬಂದದ್ದೇ ತಡ, ಅದು ಬಿಜಿಪಿಗೆ ರೀಡಿಸ್ಟ್ರಿಬ್ಯೂಟ್ ಆಯ್ತು. ಹೀಗೆ ತಾನೇ ಹುಟ್ಟಿಸಿದ ರೂಟ್‌ಗೆ ವೇಟ್ 32768. ಈಗ ಎಂಪಿಎಲ್‌ಎಸ್ ಎದ್ದಿತು. ಪ್ರೊವೈಡರ್ ಕಳಿಸಿದ ರೂಟ್‌ಗೆ ವೇಟ್ 0. ಸಿಸ್ಕೊದ ಬಿಜಿಪಿ ಎಲ್ಲಕ್ಕಿಂತ ಮೊದಲು ನೋಡೋದು ವೇಟ್, ಹೆಚ್ಚಿದ್ದದ್ದು ಗೆಲ್ಲುತ್ತದೆ. ಹಾಗಾಗಿ ಪ್ರೊವೈಡರ್ ರೂಟ್ ಬೆಸ್ಟ್ ಆಗೋದೇ ಇಲ್ಲ, 20 ಮತ್ತು 110ರ ಪೈಪೋಟಿಯೇ ನಡೆಯಲ್ಲ, ಟ್ರಾಫಿಕ್ ಟನಲ್‌ನಲ್ಲೇ ಉಳಿಯುತ್ತದೆ. ಫೇಲ್‌ಓವರ್ ಪರೀಕ್ಷೆ ಪಾಸ್, ವಾಪಸ್ ಬರೋದು ಫೇಲ್. ವಾರಗಟ್ಟಲೆ ಯಾರಿಗೂ ಗೊತ್ತಾಗಲ್ಲ, ಬರೀ ನಿಧಾನ ಅಂತ ದೂರು ಬರ್ತಾ ಇರುತ್ತದೆ.

ಎರಡೂ ಲಿಂಕ್ ಮೇಲೆ ಬಿಜಿಪಿ ಹಾಕಿ. ಒಂದೇ ಪ್ರೋಟೋಕಾಲ್ ಒಳಗೆ ಹೋಲಿಕೆ ನಡೆದರೆ ಈ ಎರಡೂ ತೊಂದರೆ ಹುಟ್ಟೋದೇ ಇಲ್ಲ.

ತಂತಿಸೇತುವೆ

ವೇಟ್ ವಿಷಯ ಸರಿ. ರೀಡಿಸ್ಟ್ರಿಬ್ಯೂಟ್‌ಗೆ ಪ್ರಿಫಿಕ್ಸ್ (ವಿಳಾಸಗಳ ಗುಂಪು) ಲಿಸ್ಟ್ ಕಟ್ಟಿ ಹೆಡ್ ಆಫೀಸ್‌ನ ಸ್ವಂತ ಪ್ರಿಫಿಕ್ಸ್ ಮಾತ್ರ ಬಿಟ್ಟರೆ ಅದು ತಪ್ಪುತ್ತದೆ. ಆದರೆ ಜೂನಿಪರ್ ಸಂಖ್ಯೆಗಳಿಗೆ ನನ್ನ ಹತ್ತಿರ ಉತ್ತರ ಇಲ್ಲ. ಮಿಶ್ರ ಕಂಪನಿ ಅನ್ನೋದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮಾತು ವಾಪಸ್.

ಕಚೇರಿ_ಜಾಲ

ಹಾಗಾದರೆ ಎರಡೂ ಕಡೆ ಬಿಜಿಪಿ. ಎಎಸ್ ಸಂಖ್ಯೆ (ಬಿಜಿಪಿಯಲ್ಲಿ ಒಂದು ಜಾಲದ ಗುರುತು) ಎಲ್ಲಿಂದ ತರೋದು? ಪ್ರೊವೈಡರ್ ಎಲ್ಲ ಬ್ರಾಂಚ್‌ಗೂ 65000 ಒಂದೇ ಸಂಖ್ಯೆ ಇಟ್ಟುಕೊಳ್ಳಿ ಅಂದಿದ್ದಾರೆ. ಎಂಪಿಎಲ್‌ಎಸ್ ಮೊದಲು, ಟನಲ್ ಆಮೇಲೆ ಅಂತ ಹೇಳೋದು ಹೇಗೆ?

ಟಿಟಿಎಲ್_ಒಂದು

64512 ರಿಂದ 65534ರವರೆಗಿನ ಖಾಸಗಿ ಎಎಸ್ ಯಾರನ್ನೂ ಕೇಳದೆ ಬಳಸಬಹುದು. ಎಲ್ಲ ಕಡೆ ಒಂದೇ ಸಂಖ್ಯೆ ಇಟ್ಟರೆ, ಬ್ರಾಂಚ್ 1ರ ರೂಟ್ ಬ್ರಾಂಚ್ 2ಕ್ಕೆ ತಲುಪಿದಾಗ ಅದು ಎಎಸ್ ಪಾತ್‌ನಲ್ಲಿ (ರೂಟ್ ದಾಟಿ ಬಂದ ಎಎಸ್‌ಗಳ ಪಟ್ಟಿಯಲ್ಲಿ) ತನ್ನದೇ ಸಂಖ್ಯೆ ನೋಡಿ ಲೂಪ್ ಅಂತ ಬಿಸಾಡುತ್ತದೆ. ಪ್ರೊವೈಡರ್ ತಮ್ಮ ಕಡೆ ಎಎಸ್-ಓವರ್‌ರೈಡ್ (ಪಾತ್‌ನಲ್ಲಿ ನಿಮ್ಮ ಸಂಖ್ಯೆಯ ಜಾಗಕ್ಕೆ ತಮ್ಮದು ಬರೆಯೋದು) ಹಾಕಿದರೆ ಮಾತ್ರ ನಡೆಯುತ್ತದೆ. ಅದರ ಬದಲು ಬೇರೆ ಬೇರೆ ಸಂಖ್ಯೆ ಕೊಡಿ ಅಂತ ಪಟ್ಟು ಹಿಡಿಯಿರಿ. ಹೆಡ್ ಆಫೀಸ್ 65010, ಬ್ರಾಂಚ್‌ಗಳು 65021 ರಿಂದ 65028. ಐಪಿಯ ಎರಡನೇ ಭಾಗಕ್ಕೆ ಹೊಂದಿಸಿದರೆ ಎಎಸ್ ಪಾತ್ ನೋಡಿದ ತಕ್ಷಣ ಯಾವ ಬ್ರಾಂಚ್ ಅಂತ ಗೊತ್ತಾಗುತ್ತದೆ.

ಲಿಂಕ್ ಆದ್ಯತೆ ಹೇಳದೇ ಬಿಟ್ಟರೆ ಏನಾಗುತ್ತದೆ ನೋಡಿ. ಟನಲ್ ಮೇಲೆ ಬ್ರಾಂಚ್ ನೇರವಾಗಿ ಹೆಡ್ ಆಫೀಸ್ ಜೊತೆ ಮಾತಾಡೋದರಿಂದ ಎಎಸ್ ಪಾತ್ ಉದ್ದ 1. ಎಂಪಿಎಲ್‌ಎಸ್ ಮೇಲೆ ನಡುವೆ ಪ್ರೊವೈಡರ್ ಎಎಸ್ ಇರೋದರಿಂದ 2. ಚಿಕ್ಕದು ಗೆಲ್ಲುತ್ತದೆ, ಅಂದರೆ ಬ್ಯಾಕಪ್ ಟನಲ್ಲೇ ಮುಖ್ಯ ದಾರಿ ಆಗಿಬಿಡುತ್ತದೆ. ಅದಕ್ಕೇ ಪಾತ್ ಉದ್ದಕ್ಕಿಂತ ಮೊದಲು ನೋಡುವ ಲೋಕಲ್ ಪ್ರಿಫರೆನ್ಸ್ (ಹೆಚ್ಚಿದ್ದದ್ದು ಗೆಲ್ಲುತ್ತದೆ): ಎಂಪಿಎಲ್‌ಎಸ್ ನೇಬರ್‌ನಿಂದ ಒಳಬರುವ ಎಲ್ಲಕ್ಕೂ 200. ಟನಲ್‌ಗೆ ಡೀಫಾಲ್ಟ್ 100 ಇರಲಿ. ಬ್ರಾಂಚ್‌ನಲ್ಲೂ ಹಾಕಬೇಕು, ಆರ್1ನಲ್ಲೂ ಹಾಕಬೇಕು. ಒಂದೇ ಕಡೆ ಹಾಕಿದರೆ ಹೋಗೋದು ಎಂಪಿಎಲ್‌ಎಸ್, ಬರೋದು ಟನಲ್. ನಡುವೆ ಫೈರ್‌ವಾಲ್ ಇದ್ದರೆ ಅದು ಅರ್ಧ ಸಂಭಾಷಣೆ ಮಾತ್ರ ನೋಡಿ ಕನೆಕ್ಷನ್ ಬೀಳಿಸುತ್ತದೆ.

ಬ್ರಾಂಚ್‌ನಿಂದ ಹೊರಗೆ ಹೋಗೋದಕ್ಕೆ ಪ್ರಿಫಿಕ್ಸ್ ಲಿಸ್ಟ್ ಕಡ್ಡಾಯ: ತನ್ನ /16 ಒಂದೇ, ಬೇರೇನೂ ಇಲ್ಲ. ಬಿಜಿಪಿಯ ಸಹಜ ಗುಣ ಏನಂದರೆ ಕೇಳಿದ್ದನ್ನೆಲ್ಲ ಪಕ್ಕದವರಿಗೆ ಹೇಳೋದು. ಲಿಸ್ಟ್ ಇಲ್ಲದಿದ್ದರೆ ಬ್ರಾಂಚ್ 3 ಎಂಪಿಎಲ್‌ಎಸ್‌ನಿಂದ ಕೇಳಿದ ಉಳಿದ ಏಳು ಬ್ರಾಂಚ್‌ಗಳ ರೂಟನ್ನು ಟನಲ್ ಮೂಲಕ ಆರ್2ಗೆ ಹೇಳುತ್ತದೆ. ಯಾವತ್ತೋ ಒಂದು ದಿನ ಆರ್1 ಸತ್ತಾಗ ಎಲ್ಲ ಬ್ರಾಂಚ್‌ನ ಟ್ರಾಫಿಕ್ಕೂ ಬ್ರಾಂಚ್ 3ರ ಬ್ರಾಡ್‌ಬ್ಯಾಂಡ್ ಮೇಲೆ ಸವಾರಿ ಮಾಡುವ ಸಾಧ್ಯತೆ ತೆರೆದುಕೊಳ್ಳುತ್ತದೆ.

ಹೆಡ್ ಆಫೀಸ್ ಎರಡೂ ಕಡೆಗೆ ಹೇಳಬೇಕಾದ್ದು ಎರಡು: 10.10.0.0/16 ಮತ್ತು 10.16.0.0/12. ಈ /12 ಒಳಗೆ 10.16 ರಿಂದ 10.31ರವರೆಗೆ ಎಲ್ಲ ಬರುತ್ತದೆ. ಬ್ರಾಂಚ್ 1ರ ಎಂಪಿಎಲ್‌ಎಸ್ ಬಿದ್ದು ಅದು ಟನಲ್ ಮೇಲಿದ್ದರೆ, ಬ್ರಾಂಚ್ 2ಕ್ಕೆ 10.21ರ /16 ಕಾಣೆಯಾಗಿರುತ್ತದೆ. ಆಗ /12 ಹಿಡಿದುಕೊಂಡು ಹೆಡ್ ಆಫೀಸ್‌ಗೆ ಬಂದು ಅಲ್ಲಿಂದ ಟನಲ್‌ಗೆ ಹೋಗುತ್ತದೆ. ನಿರ್ದಿಷ್ಟವಾದದ್ದು ಇದ್ದಾಗ ಅದು, ಇಲ್ಲದಾಗ ಸಾರಾಂಶ.

ಕಚೇರಿ_ಜಾಲ

ಇದು ಚೆನ್ನಾಗಿದೆ. ಬಿಜಿಪಿಯ ಬ್ರಾಂಚ್ ರೂಟ್‌ಗಳನ್ನು ಕೋರ್ ಸ್ವಿಚ್‌ಗೆ ತಲುಪಿಸೋಕೆ ಓಎಸ್‌ಪಿಎಫ್‌ಗೆ ರೀಡಿಸ್ಟ್ರಿಬ್ಯೂಟ್ ಮಾಡಲೇಬೇಕಲ್ಲ?

ಹಾಪ್‌ಲೆಕ್ಕ

ಎಂಟೂ /16 ಕೋರ್‌ಗೆ ಯಾಕೆ ಬೇಕು? ಎಲ್ಲವೂ ಆರ್1 ಅಥವಾ ಆರ್2 ಕಡೆಗೇ ಹೋಗೋದು. ಎರಡೂ ರೂಟರ್‌ನಲ್ಲಿ 10.16.0.0/12ಗೆ ನಲ್0 (ಬಂದದ್ದನ್ನು ಎಸೆದುಬಿಡುವ ಕಸದ ಬುಟ್ಟಿ) ಕಡೆಗೆ ಒಂದು ಸ್ಟ್ಯಾಟಿಕ್ ಬರೆಯಿರಿ. ಅದನ್ನು ಬಿಜಿಪಿಯಲ್ಲಿ ನೆಟ್‌ವರ್ಕ್ ಸಾಲಿನಿಂದ ಹೇಳಿ, ಓಎಸ್‌ಪಿಎಫ್‌ಗೆ ಆ ಒಂದೇ ಸ್ಟ್ಯಾಟಿಕ್ ಬಿಡಿ: ಆರ್1ನಲ್ಲಿ ಮೆಟ್ರಿಕ್ 10, ಆರ್2ನಲ್ಲಿ 100, ಎರಡೂ ಟೈಪ್ ಇ2. ಇ2ನಲ್ಲಿ ಒಳದಾರಿ ಎಷ್ಟೇ ಇರಲಿ, ಮೆಟ್ರಿಕ್ ಕಡಿಮೆ ಇರೋದೇ ಗೆಲ್ಲೋದು. ಬಿಜಿಪಿಯಿಂದ ಓಎಸ್‌ಪಿಎಫ್‌ಗೆ ಸೊನ್ನೆ, ಓಎಸ್‌ಪಿಎಫ್‌ನಿಂದ ಬಿಜಿಪಿಗೂ ಸೊನ್ನೆ. 10.10.0.0/16 ಅನ್ನೂ ನೆಟ್‌ವರ್ಕ್ ಸಾಲಿನಲ್ಲೇ ಹೇಳಬೇಕು. ಅದಕ್ಕೆ ಟೇಬಲ್‌ನಲ್ಲಿ ಸರಿಯಾಗಿ ಅದೇ ಮಾಸ್ಕ್‌ನ ರೂಟ್ ಇರಬೇಕು, ಹಾಗಾಗಿ ಅದಕ್ಕೂ ನಲ್0 ಸ್ಟ್ಯಾಟಿಕ್. ಅದನ್ನು ಮಾತ್ರ ಓಎಸ್‌ಪಿಎಫ್‌ಗೆ ಬಿಡಬೇಡಿ.

ನಲ್0 ನೋಡಿ ಹೆದರಬೇಡಿ. ಬ್ರಾಂಚ್‌ನ /16 ಇರುವಾಗ ಅದೇ ಗೆಲ್ಲುತ್ತದೆ. ಇಲ್ಲದಾಗ ಪ್ಯಾಕೆಟ್ ಅಲ್ಲೇ ಸಾಯಬೇಕು. ಇಲ್ಲದಿದ್ದರೆ ಅದು ಡೀಫಾಲ್ಟ್ ರೂಟ್ ಹಿಡಿದು ಫೈರ್‌ವಾಲ್ ಕಡೆ ಅಲೆಯುತ್ತದೆ.

ಆರ್1 ಮತ್ತು ಆರ್2 ನಡುವೆ ಒಳ ಬಿಜಿಪಿ (ಒಂದೇ ಎಎಸ್ ಒಳಗಿನದು), ಎರಡೂ ಕಡೆ ನೆಕ್ಸ್ಟ್-ಹಾಪ್-ಸೆಲ್ಫ್ (ಮುಂದಿನ ಹೆಜ್ಜೆ ನಾನೇ ಅನ್ನೋದು). ಇಲ್ಲಿ ಒಂದು ಗುಂಡಿ ಇದೆ. ಬ್ರಾಂಚ್ 1 ಟನಲ್ ಮೇಲಿದೆ ಅಂದುಕೊಳ್ಳಿ. ಕೋರ್‌ನಿಂದ ಪ್ಯಾಕೆಟ್ /12 ಹಿಡಿದು ಆರ್1ಗೆ ಬರುತ್ತದೆ, ಆರ್1 ಅದನ್ನು ಆರ್2ಗೆ ಕೊಡಬೇಕು. ಇವೆರಡರ ನಡುವೆ ನೇರ ತಂತಿ ಇಲ್ಲದೆ ಕೋರ್ ಮೂಲಕವೇ ಕೊಟ್ಟರೆ, ಕೋರ್‌ಗೆ ಗೊತ್ತಿರೋದು /12 ಮಾತ್ರ, ಅದು ಮತ್ತೆ ಆರ್1ಗೇ ತಳ್ಳುತ್ತದೆ. ಟಿಟಿಎಲ್ (ಪ್ಯಾಕೆಟ್‌ನ ಹಾಪ್ ಮಿತಿ) ಮುಗಿಯೋವರೆಗೆ ಚೆಂಡಾಟ. ಹಾಗಾಗಿ ಆರ್1-ಆರ್2 ನಡುವೆ ಎರಡು ಕೇಬಲ್ ಸೇರಿಸಿ ಲ್ಯಾಗ್ ಮಾಡಿ. ಒಳ ಬಿಜಿಪಿಯನ್ನು ಲೂಪ್‌ಬ್ಯಾಕ್ ಬದಲು ಆ ನೇರ ಲಿಂಕ್‌ನ ವಿಳಾಸದ ಮೇಲೆ ಕಟ್ಟಿ, ಆ ವಿಳಾಸವನ್ನು ಓಎಸ್‌ಪಿಎಫ್‌ಗೆ ಸೇರಿಸಬೇಡಿ. ಲೂಪ್‌ಬ್ಯಾಕ್ ಮೇಲೆ ಕಟ್ಟೋದು ಪುಸ್ತಕದ ಸಲಹೆ, ಸಾಮಾನ್ಯವಾಗಿ ಸರಿ. ಈ ವಿನ್ಯಾಸದಲ್ಲಿ ಮಾತ್ರ ತಪ್ಪು.

ನಲ್_ಜೀರೋ

ಸಮಯದ ಲೆಕ್ಕ ಯಾರೂ ಹೇಳಲಿಲ್ಲ. ಸಿಸ್ಕೊದಲ್ಲಿ ಬಿಜಿಪಿ ಡೀಫಾಲ್ಟ್ ಕೀಪ್‌ಅಲೈವ್ (ಬದುಕಿದ್ದೀನಿ ಅನ್ನೋ ಸಂದೇಶ) 60 ಸೆಕೆಂಡ್, ಹೋಲ್ಡ್ (ಅದಕ್ಕೆ ಕಾಯುವ ಗಡುವು) 180. ಪ್ರೊವೈಡರ್ ಒಳಗೆ ಕಡಿದರೆ ಮೂರು ನಿಮಿಷ ಸತ್ತ ದಾರಿಯಲ್ಲೇ ಕೂರ್ತೀರಿ. ಪ್ರೊವೈಡರ್ ಒಪ್ಪಿದರೆ ಬಿಎಫ್‌ಡಿ (ಲಿಂಕ್ ಬದುಕಿದೆಯಾ ಅಂತ ಬೇಗ ಬೇಗ ನೋಡುವ ಪ್ರೋಟೋಕಾಲ್), 300 ಮಿಲಿಸೆಕೆಂಡ್, ಮಲ್ಟಿಪ್ಲೈಯರ್ 3, ಒಂದು ಸೆಕೆಂಡಿನೊಳಗೆ ಗೊತ್ತಾಗುತ್ತದೆ. ಒಪ್ಪದಿದ್ದರೆ ಕೀಪ್‌ಅಲೈವ್ 10, ಹೋಲ್ಡ್ 30. ಹೋಲ್ಡ್‌ನಲ್ಲಿ ಎರಡು ತುದಿಯ ಪೈಕಿ ಚಿಕ್ಕದು ಜಾರಿಗೆ ಬರುತ್ತದೆ, ಹಾಗಾಗಿ ನಿಮ್ಮ ಕಡೆ ಮಾತ್ರ ಬದಲಿಸಿದರೂ ಸಾಕು. ಆದರೆ ಸೆಷನ್ ಒಮ್ಮೆ ಬಿದ್ದು ಎದ್ದ ಮೇಲೇ ಹೊಸ ಬೆಲೆ ಲೆಕ್ಕಕ್ಕೆ. ಬದಲಿಸಿ ಕ್ಲಿಯರ್ ಮಾಡದೆ ಹೋದವರು ಬಹಳ.

ಒಂದು ಎಚ್ಚರ: ಬಿಎಫ್‌ಡಿ ನೋಡೋದು ನಿಮ್ಮ ರೂಟರ್‌ನಿಂದ ಪ್ರೊವೈಡರ್‌ನ ಮೊದಲ ರೂಟರ್‌ವರೆಗೆ. ಅದಕ್ಕಿಂತ ಆಚೆ ಕಡಿದರೆ ಪ್ರೊವೈಡರ್ ರೂಟ್ ವಾಪಸ್ ಪಡೆಯೋದನ್ನು ಕಾಯಲೇಬೇಕು.

ಬ್ರಾಡ್‌ಬ್ಯಾಂಡ್ ಟನಲ್ ಮೇಲೆ 300×3 ಹಾಕಬೇಡಿ. ಸಂಜೆ ಲೈನ್ ತುಂಬಿದಾಗ ಮೂರು ಪ್ಯಾಕೆಟ್ ಕಳೆದುಹೋಗೋದು ದೊಡ್ಡ ವಿಷಯವಲ್ಲ, ಸೆಷನ್ ಕುಣಿಯುತ್ತದೆ. ಅಲ್ಲಿ 1 ಸೆಕೆಂಡ್, 5 ಸಲ ಇರಲಿ. ಅದು ಬ್ಯಾಕಪ್, ಅವಸರ ಏನಿಲ್ಲ.

ಟನಲ್ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1400, ಟಿಸಿಪಿ ಎಂಎಸ್‌ಎಸ್ (ಅದರೊಳಗಿನ ಮಾಹಿತಿಯ ಗರಿಷ್ಠ ಗಾತ್ರ) 1360 ಇಡಿ. ಇದನ್ನು ಮರೆತರೆ ಬಿಜಿಪಿಯೇ ವಿಚಿತ್ರವಾಗಿ ವರ್ತಿಸಬಹುದು: ಓಪನ್ ಮತ್ತು ಕೀಪ್‌ಅಲೈವ್ ಚಿಕ್ಕವು, ದಾಟುತ್ತವೆ, ಎಸ್ಟಾಬ್ಲಿಶ್ಡ್ ಅನ್ನುತ್ತದೆ. ದೊಡ್ಡ ಅಪ್‌ಡೇಟ್ ಪ್ಯಾಕೆಟ್ ದಾಟದೆ ಸಾಲು ನಿಂತು ಹೋಲ್ಡ್ ಮುಗಿದು ಬೀಳುತ್ತದೆ, ಮತ್ತೆ ಏಳುತ್ತದೆ. ಸರಿಯಾಗಿ ಹೋಲ್ಡ್ ಸಮಯಕ್ಕೊಮ್ಮೆ ಬೀಳುವ ಸೆಷನ್ ಕಂಡರೆ ಮೊದಲು ಎಂಟಿಯು ನೋಡಿ.

ಇನ್ನೊಂದು, ಬ್ರಾಂಚ್‌ಗಳ ಇಂಟರ್‌ನೆಟ್ಟೂ ಹೆಡ್ ಆಫೀಸ್ ಫೈರ್‌ವಾಲ್ ಮೂಲಕ ಹೋಗಬೇಕಾದರೆ 0.0.0.0/0 ಬಿಜಿಪಿಯಲ್ಲಿ ಬ್ರಾಂಚ್‌ಗೆ ಬರುತ್ತದೆ. ಆಗ ಟನಲ್‌ನ ಹೊರಕವಚದ ಪ್ಯಾಕೆಟ್‌ಗಳು ಯಾವ ಡೀಫಾಲ್ಟ್ ಹಿಡಿಯುತ್ತವೆ? ಎಂಪಿಎಲ್‌ಎಸ್ ಬಿದ್ದಾಗ ಟನಲ್ಲಿನ ತುದಿಗೆ ಹೋಗುವ ದಾರಿ ಟನಲ್ ಒಳಗಿಂದಲೇ ಅಂತ ಆಗುತ್ತದೆ, ಟನಲ್ ತನ್ನ ಬಾಲ ತಾನೇ ನುಂಗಿ ಬಿದ್ದು ಎದ್ದು ಮಾಡುತ್ತದೆ. ಬ್ರಾಡ್‌ಬ್ಯಾಂಡ್ ಪೋರ್ಟನ್ನು ಪ್ರತ್ಯೇಕ ವಿಆರ್‌ಎಫ್‌ಗೆ (ಬೇರೆಯದೇ ರೂಟ್ ಟೇಬಲ್‌ಗೆ) ಹಾಕಿ ಅಲ್ಲಿಗೆ ಅದರದೇ ಡೀಫಾಲ್ಟ್ ಕೊಡೋದು ಶುದ್ಧ ದಾರಿ. ಹೆಡ್ ಆಫೀಸ್ ಸಾರ್ವಜನಿಕ ಐಪಿಗೆ /32 ಸ್ಟ್ಯಾಟಿಕ್ ಬರೆಯೋದೂ ನಡೆಯುತ್ತದೆ, ಆದರೆ ಗೇಟ್‌ವೇ ಡಿಎಚ್‌ಸಿಪಿಯಿಂದ ಬದಲಾಗುವ ಲೈನ್‌ಗಳಲ್ಲಿ ಅದು ಒಂದು ದಿನ ಹಳೆಯ ವಿಳಾಸ ಹಿಡಿದುಕೊಂಡು ಕೂರುತ್ತದೆ.

ಕಚೇರಿ_ಜಾಲ

ಲ್ಯಾಬ್‌ನಲ್ಲಿ ಶುರು ಮಾಡಿದೆ. ಎರಡು ಕಡೆ ಸಿಕ್ಕಿಕೊಂಡಿದ್ದೀನಿ. ಕೋರ್ ಸ್ವಿಚ್ ಮತ್ತು ಫೈರ್‌ವಾಲ್ ನಡುವೆ ಓಎಸ್‌ಪಿಎಫ್ ಸಂಪರ್ಕ ಪೂರ್ತಿಯಾಗದೆ ಎಕ್ಸ್‌ಸ್ಟಾರ್ಟ್ ಹಂತದಲ್ಲೇ ನಿಂತಿದೆ. ಇನ್ನೊಂದು, ಒಂದು ಬ್ರಾಂಚ್‌ನ ಉಪಕರಣದಲ್ಲಿ ಬಿಜಿಪಿ ಎಸ್ಟಾಬ್ಲಿಶ್ಡ್ ಇದೆ, ಆದರೆ ಪ್ರಿಫಿಕ್ಸ್ ಸಂಖ್ಯೆ ಇರಬೇಕಾದ ಜಾಗದಲ್ಲಿ ಆವರಣದೊಳಗೆ ಪಾಲಿಸಿ ಅಂತ ತೋರಿಸುತ್ತಿದೆ.

ನಲ್_ಜೀರೋ

ಎಕ್ಸ್‌ಸ್ಟಾರ್ಟ್ ಅಂದರೆ ಹತ್ತರಲ್ಲಿ ಒಂಬತ್ತು ಸಲ ಎಂಟಿಯು. ಸ್ವಿಚ್‌ನಲ್ಲಿ ಜಂಬೋ 9000ದ ಆಸುಪಾಸು ಇರುತ್ತದೆ, ಫೈರ್‌ವಾಲ್‌ನಲ್ಲಿ 1500. ಹಲೋದಲ್ಲಿ ಎಂಟಿಯು ಇರೋದಿಲ್ಲ, ಹಾಗಾಗಿ ಟು-ವೇವರೆಗೆ ಸರಾಗ. ಡೇಟಾಬೇಸ್ ವಿವರಣೆಯ ಪ್ಯಾಕೆಟ್‌ನಲ್ಲಿ ಎಂಟಿಯು ಬರೆದಿರುತ್ತದೆ. ತನ್ನದಕ್ಕಿಂತ ದೊಡ್ಡದು ಕಂಡವರು ಅದನ್ನು ಬಿಸಾಡುತ್ತಾರೆ. ಎಂಟಿಯು-ಇಗ್ನೋರ್ ಹಾಕಿ ಮುಂದೆ ಹೋಗಬೇಡಿ. ಈಗ ಫುಲ್ ಆಗುತ್ತದೆ, ನಾಳೆ ಡೇಟಾಬೇಸ್ ಬೆಳೆದು ಪ್ಯಾಕೆಟ್ 1500 ದಾಟಿದಾಗ ಮತ್ತೆ ನಿಲ್ಲುತ್ತದೆ, ಆಗ ಕಾರಣ ಹುಡುಕೋದು ಇನ್ನೂ ಕಷ್ಟ. ಆ ಲಿಂಕ್‌ನ ಎರಡೂ ತುದಿಯ ಐಪಿ ಎಂಟಿಯು 1500 ಮಾಡಿ, ಆಮೇಲೆ ತುಂಡರಿಸಬೇಡ ಅನ್ನೋ ಬಿಟ್ ಹಾಕಿ ಪಿಂಗ್ ಮಾಡಿ. ಸಿಸ್ಕೊದಲ್ಲಿ ಗಾತ್ರ 1500 ಅಂತ ಕೊಡಿ, ಅದು ಹೆಡರ್ ಸೇರಿಸಿಯೇ ಎಣಿಸುತ್ತದೆ. ಲಿನಕ್ಸ್, ವಿಂಡೋಸ್‌ನಲ್ಲಿ 1472, ಅವು ಮೇಲೆ 28 ಸೇರಿಸುತ್ತವೆ.

ಎಂಟಿಯು ಸರಿ ಇದ್ದೂ ಎಕ್ಸ್‌ಸ್ಟಾರ್ಟ್ ಆದರೆ ರೂಟರ್ ಐಡಿ ಎರಡು ಕಡೆ ಒಂದೇ ಇದೆಯಾ ನೋಡಿ. ಇನಿಟ್‌ನಲ್ಲಿ ನಿಂತರೆ ಒಂದು ಕಡೆಯ ಹಲೋ ಇನ್ನೊಂದು ಕಡೆ ತಲುಪುತ್ತಿಲ್ಲ ಅಂತ. ಫೈರ್‌ವಾಲ್ ನಿಯಮದಲ್ಲಿ ಐಪಿ ಪ್ರೋಟೋಕಾಲ್ 89 ಮತ್ತು 224.0.0.5, 224.0.0.6 ಬಿಟ್ಟಿದ್ದೀರಾ ಪರಿಶೀಲಿಸಿ. 89 ಅನ್ನೋದು ಪೋರ್ಟ್ ಸಂಖ್ಯೆ ಅಲ್ಲ. ಟಿಸಿಪಿ 89 ತೆರೆದು ಕಾಯ್ತಾ ಕೂತವರೂ ಇದ್ದಾರೆ.

ಟಿಟಿಎಲ್_ಒಂದು

ಎರಡನೆಯದಕ್ಕೆ ಉತ್ತರ: ಆ ಉಪಕರಣದ ಒಳಗೆ ಬಹುಶಃ ಎಫ್‌ಆರ್‌ಆರ್ ಅನ್ನೋ ಮುಕ್ತ ರೂಟಿಂಗ್ ತಂತ್ರಾಂಶ ಓಡ್ತಿದೆ. ಹೊರ ಬಿಜಿಪಿ ನೇಬರ್‌ಗೆ ಒಳಬರುವ, ಹೊರಹೋಗುವ ಪಾಲಿಸಿ ಎರಡೂ ಇಲ್ಲದಿದ್ದರೆ ಏನನ್ನೂ ತೆಗೆದುಕೊಳ್ಳಬಾರದು, ಕೊಡಬಾರದು ಅಂತ 2017ರ ಆರ್‌ಎಫ್‌ಸಿ 8212 ಹೇಳುತ್ತದೆ, ಅದು ಪಾಲಿಸುತ್ತಿದೆ. ಆ ತಪಾಸಣೆಯನ್ನು ಆಫ್ ಮಾಡೋ ಆಜ್ಞೆ ಇದೆ, ಬಳಸಬೇಡಿ. ಹೇಗೂ ಲೋಕಲ್ ಪ್ರಿಫರೆನ್ಸ್‌ಗೆ ಒಳಗಡೆ ರೂಟ್-ಮ್ಯಾಪ್ (ರೂಟ್‌ಗಳಿಗೆ ಅನ್ವಯಿಸುವ ನಿಯಮಗಳ ಪಟ್ಟಿ), /16 ಮಾತ್ರ ಬಿಡೋಕೆ ಹೊರಗಡೆ ಲಿಸ್ಟ್ ಬರೆಯಲೇಬೇಕಲ್ಲ, ಬರೆದ ತಕ್ಷಣ ಸರಿಹೋಗುತ್ತದೆ. ಹಾಗೇ ಮ್ಯಾಕ್ಸಿಮಮ್-ಪ್ರಿಫಿಕ್ಸ್ 100 ಕೊಡಿ. ನಿಮಗೆ ಬರಬೇಕಾದ್ದು ಹತ್ತು-ಹನ್ನೆರಡು. ಪ್ರೊವೈಡರ್ ಕಡೆ ತಪ್ಪಾಗಿ ಬೇರೆ ಯಾರದೋ ಟೇಬಲ್ ಸುರಿದರೆ ಬ್ರಾಂಚ್ ರೂಟರ್ ಉಸಿರುಗಟ್ಟಬಾರದು.

ಕಚೇರಿ_ಜಾಲ

ಎರಡೂ ಸರಿಹೋಯ್ತು, ಧನ್ಯವಾದ. ಫೈರ್‌ವಾಲ್ ಕಡೆಗೂ ಬಿಎಫ್‌ಡಿ ಹಾಕಲಾ? ಡೀಫಾಲ್ಟ್ ರೂಟ್ ಅಲ್ಲಿಂದಲೇ ಓಎಸ್‌ಪಿಎಫ್‌ನಲ್ಲಿ ಬರುತ್ತಿದೆ. ಇಂಟರ್‌ನೆಟ್ ಲೈನ್ ಎರಡಿವೆ, ಅದಕ್ಕೂ ಬಿಜಿಪಿ ಬೇಕಾ?

ತಂತಿಸೇತುವೆ

ಫೈರ್‌ವಾಲ್‌ಗೆ ಬೇಡ. ಆಕ್ಟಿವ್‌ನಿಂದ ಸ್ಟ್ಯಾಂಡ್‌ಬೈಗೆ ಬದಲಾಗುವಾಗ ಹೊಸದು ಎದ್ದು ಓಎಸ್‌ಪಿಎಫ್ ಮತ್ತೆ ಮಾತಾಡೋಕೆ ಕೆಲವು ಸೆಕೆಂಡ್ ಬೇಕು. ಬಿಎಫ್‌ಡಿ ಅಷ್ಟರೊಳಗೆ ನೇಬರ್ ಸತ್ತ ಅಂತ ಡಂಗುರ ಹೊಡೆದು ಡೀಫಾಲ್ಟ್ ರೂಟನ್ನೇ ಕಿತ್ತುಹಾಕುತ್ತದೆ. ಅಲ್ಲಿ ಗ್ರೇಸ್‌ಫುಲ್ ರೀಸ್ಟಾರ್ಟ್ (ನೇಬರ್ ಮತ್ತೆ ಏಳೋವರೆಗೆ ರೂಟ್ ಉಳಿಸಿಕೊಳ್ಳೋದು) ಹಾಕಿ, ಹಲೋ 10, ಡೆಡ್ 40 ಹಾಗೇ ಬಿಡಿ. ಕೋರ್ ಸ್ವಿಚ್‌ನಲ್ಲೂ ಗ್ರೇಸ್‌ಫುಲ್ ರೀಸ್ಟಾರ್ಟ್‌ನ ಹೆಲ್ಪರ್ ಆನ್ ಇರಬೇಕು.

ಫೈರ್‌ವಾಲ್ ಡೀಫಾಲ್ಟ್ ಹೇಳುವಾಗ ಆಲ್ವೇಸ್ ಅನ್ನೋ ಪದ ಸೇರಿಸಬೇಡಿ. ಸೇರಿಸಿದರೆ ಎರಡೂ ಲೈನ್ ಸತ್ತರೂ ನನ್ನ ಹತ್ತಿರ ಬನ್ನಿ ಅಂತ ಕರೀತಾ ಇರುತ್ತದೆ.

ಹಾಪ್‌ಲೆಕ್ಕ

ಇಂಟರ್‌ನೆಟ್‌ಗೆ: ವಿಳಾಸ ಪ್ರೊವೈಡರ್ ಕೊಟ್ಟದ್ದು, ನ್ಯಾಟ್ ಮಾಡಿ (ಒಳಗಿನ ವಿಳಾಸವನ್ನು ಅದಕ್ಕೆ ಬದಲಿಸಿ) ಹೋಗ್ತೀರಿ ಅಂದರೆ ಬಿಜಿಪಿಯಿಂದ ಉಪಯೋಗ ಏನೂ ಇಲ್ಲ. ಒಬ್ಬರ ವಿಳಾಸವನ್ನು ಇನ್ನೊಬ್ಬರ ಮೂಲಕ ಹೇಳೋಕೆ ಸಾಮಾನ್ಯವಾಗಿ ಬಿಡಲ್ಲ. ಎರಡು ಡೀಫಾಲ್ಟ್ ಸ್ಟ್ಯಾಟಿಕ್, ಎರಡಕ್ಕೂ ಟ್ರ್ಯಾಕಿಂಗ್, ಮುಗೀತು. ಟ್ರ್ಯಾಕ್ ಮಾಡುವ ಗುರಿ ಪ್ರೊವೈಡರ್‌ನ ಮೊದಲ ರೂಟರ್ ಆಗಿರಬಾರದು, ಅದರಾಚೆಯ ಎರಡು ಬೇರೆ ಬೇರೆ ವಿಳಾಸ ಇರಲಿ, ಎರಡೂ ಸತ್ತರೆ ಮಾತ್ರ ಬೀಳಲಿ.

ನಿಮ್ಮದೇ ಎಎಸ್, ನಿಮ್ಮದೇ ಕನಿಷ್ಠ /24 ಇದ್ದು ಹೊರಗಿನವರು ನಿಮ್ಮ ಸರ್ವರ್‌ಗೆ ಬರುವ ಹಾಗಿದ್ದರೆ ಮಾತ್ರ ಬಿಜಿಪಿ. ಆಗಲೂ ಪೂರ್ತಿ ಟೇಬಲ್ ಬೇಡ, ಡೀಫಾಲ್ಟ್ ಮಾತ್ರ ಕಳಿಸಿ ಅಂತ ಕೇಳಿ. ಐಪಿವಿ4 ಟೇಬಲ್ ಈಗ ಸುಮಾರು 10 ಲಕ್ಷ ಸಾಲು. 2014ರ ಆಗಸ್ಟ್ 12ರಂದು ಅದು 5,12,000 ದಾಟಿದಾಗಲೇ ಅಷ್ಟಕ್ಕೇ ಜಾಗ ಇಟ್ಟುಕೊಂಡಿದ್ದ ಹಳೆಯ ರೂಟರ್‌ಗಳು ಜಗತ್ತಿನಾದ್ಯಂತ ತಡವರಿಸಿದವು. ಹೊರಗೆ ಹೇಳುವ ಲಿಸ್ಟ್‌ನಲ್ಲಿ ನಿಮ್ಮ /24 ಒಂದೇ ಇರಲಿ, ಇಲ್ಲದಿದ್ದರೆ ಎರಡು ಪ್ರೊವೈಡರ್‌ಗಳ ನಡುವೆ ನೀವೇ ಸೇತುವೆ ಆಗ್ತೀರಿ.

ಈಗ ಬದಲಾವಣೆಯ ಕ್ರಮ. ಸ್ಟ್ಯಾಟಿಕ್ ಹಾಗೇ ಇಟ್ಟು ಓಎಸ್‌ಪಿಎಫ್, ಬಿಜಿಪಿ ಎರಡನ್ನೂ ಎಬ್ಬಿಸಿ. ಸ್ಟ್ಯಾಟಿಕ್‌ನ ಡಿಸ್ಟೆನ್ಸ್ 1 ಇರೋದರಿಂದ ಟ್ರಾಫಿಕ್ ಅಲ್ಲಾಡೋದಿಲ್ಲ. ಡೇಟಾಬೇಸ್, ಬಿಜಿಪಿ ಟೇಬಲ್ ಎರಡರಲ್ಲೂ ಎಲ್ಲ ಪ್ರಿಫಿಕ್ಸ್ ಬಂದಿದೆಯಾ ಪಟ್ಟಿ ಇಟ್ಟುಕೊಂಡು ಟಿಕ್ ಹಾಕಿ. ಆಮೇಲೆ ಒಂದೊಂದು ಬ್ರಾಂಚ್‌ನ ಸ್ಟ್ಯಾಟಿಕ್ ಅನ್ನು 250ಕ್ಕೆ ಏರಿಸಿ, ಎರಡೂ ತುದಿಯಲ್ಲಿ ಒಟ್ಟಿಗೆ. ತೊಂದರೆ ಬಂದರೆ ವಾಪಸ್ 1. ಒಂದು ವಾರ ನೋಡಿ ಅಳಿಸಿಬಿಡಿ. ಅಳಿಸದೆ ಬಿಟ್ಟ 250ರ ಸ್ಟ್ಯಾಟಿಕ್ ವಿಮೆ ಅನ್ನಿಸುತ್ತದೆ, ನಿಜಕ್ಕೂ ಅದು ಪರದೆ: ಬಿಜಿಪಿ ರೂಟ್ ಕಾಣೆಯಾದರೂ ಅದು ಮುಚ್ಚಿಹಾಕುತ್ತದೆ, ಅದೂ ಸತ್ತ ದಾರಿಯ ಕಡೆಗೆ ಬೆರಳು ತೋರಿಸುತ್ತಾ.

ಬೇರೆ ಕಂಪನಿಯ ಉಪಕರಣಗಳಲ್ಲಿ ಈ 1 ಮತ್ತು 250 ಹಾಗೇ ಹಾಕಬೇಡಿ. ಜೂನಿಪರ್‌ನಲ್ಲಿ ಸ್ಟ್ಯಾಟಿಕ್ 5, ಬಿಜಿಪಿ 170. 170 ದಾಟಿದ ಸಂಖ್ಯೆ ಇರಬೇಕು ಅನ್ನೋದೇ ಮುಖ್ಯ.

ನಲ್_ಜೀರೋ

ಪರೀಕ್ಷೆಗೆ ಇಂಟರ್‌ಫೇಸ್ ಶಟ್ ಮಾಡಿ ನೋಡೋದು ಸಾಲದು. ಅದು ಅತಿ ಸುಲಭದ ಸಾವು, ಎಲ್ಲರಿಗೂ ತಕ್ಷಣ ಗೊತ್ತಾಗುತ್ತದೆ. ಎಂಪಿಎಲ್‌ಎಸ್ ಇಂಟರ್‌ಫೇಸ್ ಮೇಲೆ ಒಳಬರುವ ಎಲ್ಲವನ್ನೂ ತಡೆಯುವ ಆಕ್ಸೆಸ್ ಲಿಸ್ಟ್ ಹಾಕಿ, ದೀಪ ಹಸಿರು ಇರುವಾಗಲೇ ದಾರಿ ಸಾಯಲಿ. ಟನಲ್ ಮೂಲಕ ಒಳಗಿನ ಹಿಡಿತ ಇಟ್ಟುಕೊಂಡೇ ಮಾಡಿ, ಹತ್ತು ನಿಮಿಷಕ್ಕೆ ರೀಲೋಡ್ ಟೈಮರ್ ಇಟ್ಟರೆ ಇನ್ನೂ ಒಳ್ಳೆಯದು. ಆಮೇಲೆ ತೆಗೆದು, ವಾಪಸ್ ಬಂತಾ ಅಂತ ಎರಡೂ ತುದಿಯಿಂದ ಟ್ರೇಸ್ ಹಾಕಿ. ಒಂದೇ ತುದಿಯಿಂದ ನೋಡಿದರೆ ಅರ್ಧ ಸತ್ಯ.

ಕಚೇರಿ_ಜಾಲ

ಹಾಗೇ ಮಾಡಿದೆ. ಎಂಟರಲ್ಲಿ ಏಳು ಬ್ರಾಂಚ್ ಹೋಗಿ ಬಂದವು. ಬ್ರಾಂಚ್ 5 ಮಾತ್ರ ಹೋಗುವಾಗ ಎಂಪಿಎಲ್‌ಎಸ್, ಬರುವಾಗ ಟನಲ್. ಆರ್1ನಲ್ಲಿ ರೂಟ್-ಮ್ಯಾಪ್ ಇದೆ, ಅದೇ ಪ್ರೊವೈಡರ್ ನೇಬರ್, ಬೇರೆ ಏಳಕ್ಕೂ ಲೋಕಲ್ ಪ್ರಿಫರೆನ್ಸ್ 200 ತೋರಿಸುತ್ತಿದೆ. 10.25.0.0/16ಗೆ ಮಾತ್ರ 100.

ಟಿಟಿಎಲ್_ಒಂದು

ಆರ್1ನ ರೂಟ್-ಮ್ಯಾಪ್‌ನಲ್ಲಿ ಪ್ರಿಫಿಕ್ಸ್ ಲಿಸ್ಟ್ ಹಿಡಿದು 200 ಕೊಟ್ಟಿದ್ದೀರಾ? ಹಾಗಿದ್ದರೆ ಲಿಸ್ಟ್‌ನಲ್ಲಿ 10.25 ಸಾಲು ನೋಡಿ, ಮಾಸ್ಕ್ ತಪ್ಪಿರಬೇಕು. ಹೊಂದದ್ದು ಕೆಳಗಿನ ಖಾಲಿ ಪರ್ಮಿಟ್‌ಗೆ ಬಿದ್ದು 100ರಲ್ಲೇ ಉಳಿಯುತ್ತದೆ. ಟನಲ್‌ನದ್ದೂ 100, ಪಾತ್ ಚಿಕ್ಕದು, ಟನಲ್ ಗೆಲ್ಲುತ್ತದೆ. ಲಿಸ್ಟ್ ತಿದ್ದಿ, ಸಾಫ್ಟ್ ಇನ್ ಕ್ಲಿಯರ್ ಮಾಡಿ. ಸೆಷನ್ ಬೀಳಿಸೋದು ಬೇಡ. ಇನ್ನೂ ಒಳ್ಳೆಯದೆಂದರೆ 200 ಕೊಡುವ ಸಾಲಿನಲ್ಲಿ ಪ್ರಿಫಿಕ್ಸ್ ನೋಡಲೇ ಬೇಡಿ. ಆ ನೇಬರ್‌ನಿಂದ ಬಂದದ್ದೆಲ್ಲಕ್ಕೂ 200. ಏನು ಬಿಡಬೇಕು, ಬಿಡಬಾರದು ಅನ್ನೋದಕ್ಕೆ ಬೇರೆ ಲಿಸ್ಟ್.

ಕಚೇರಿ_ಜಾಲ

ಹೌದು, ಆ ಸಾಲಿನಲ್ಲಿ /16 ಬದಲು /24 ಇತ್ತು. ನೀವು ಹೇಳಿದ ಹಾಗೆ ಪ್ರಿಫಿಕ್ಸ್ ಹೊಂದಿಸೋದನ್ನೇ ತೆಗೆದೆ. ಬ್ರಾಂಚ್ 5 ಈಗ ಎರಡೂ ತುದಿಯಿಂದ ಎಂಪಿಎಲ್‌ಎಸ್ ತೋರಿಸುತ್ತಿದೆ. ಸ್ಟ್ಯಾಟಿಕ್‌ಗಳೆಲ್ಲ 250ರಲ್ಲಿವೆ, ಮುಂದಿನ ವಾರ ಅಳಿಸ್ತೀನಿ.